ಹಿಟ್ಟು ಹುಳಿಯಾದ ಬೇಸಿಗೆ

ಇಡ್ಲಿಯ ವಿಷಯದಲ್ಲಿ ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಮೈಸೂರಿನವಳು. ಮದುವೆಯಾಗಿ ಮುಂಬಯಿಗೆ ಬಂದು ತಲೆ ನರೆತರೂ ಈ ಒಂದು ಜಂಬ ಬಿಟ್ಟಿಲ್ಲ. ಇಡ್ಲಿ ಗಟ್ಟಿಯಾದರೆ, ಹುಳಿ ಬಂದರೆ, ಆ ದಿನ ಮನೆಯಲ್ಲಿ ಯಾರೂ ನನ್ನ ಹತ್ತಿರ ಸುಳಿಯುವುದಿಲ್ಲ. ಯಾರೂ ಅಂದರೆ ನಮ್ಮ ಯಜಮಾನರೊಬ್ಬರೇ. ಅವರು ಪೇಪರ್ ಹಿಡಿದುಕೊಂಡು ಮೆಲ್ಲನೆ ಬಾಲ್ಕನಿಗೆ ಹೋಗಿಬಿಡುತ್ತಾರೆ. ಇಷ್ಟೆಲ್ಲ ಗತ್ತು ಮಾಡುವವಳು ಹಿಟ್ಟನ್ನು ಮಾತ್ರ ಮನೆಯಲ್ಲಿ ರುಬ್ಬುತ್ತಿರಲಿಲ್ಲ, ಕೊಳ್ಳುತ್ತಿದ್ದೆ.

ಕೊಳ್ಳುತ್ತಿದ್ದದ್ದು ಮಲಾಡಿನ ನಮ್ಮ ಬಿಲ್ಡಿಂಗಿಗೆ ಬೆನ್ನು ಹಚ್ಚಿದಂತಿರುವ ಚಾಳಿನ ಒಬ್ಬ ಹೆಂಗಸಿನಿಂದ. ಉಡುಪಿ ಕಡೆಯವರು. ಅವರ ಗಂಡ ಗ್ರಾಂಟ್ ರೋಡಿನ ಒಂದು ಹೋಟೆಲಿನಲ್ಲಿ ಅಡುಗೆ ಮಾಡಿಕೊಂಡಿದ್ದವರು, ಮೊಣಕಾಲು ಕೈಕೊಟ್ಟ ಮೇಲೆ ಮನೆ ಹಿಡಿದರು. ಆಮೇಲೆ ಸಂಸಾರ ನಡೆದದ್ದೆಲ್ಲ ಹಿಟ್ಟಿನ ಮೇಲೆಯೇ. ಚಾಳಿನಲ್ಲಿ ನೀರು ಬರುವುದು ಬೆಳಗ್ಗೆ ಮಾತ್ರ. ಆಗಲೇ ತೊಳೆದು ರುಬ್ಬಿ ಮುಚ್ಚಿಟ್ಟರೆ ಸಂಜೆಗೆ ಹಿಟ್ಟು ಉಬ್ಬಿ ನಿಲ್ಲುತ್ತಿತ್ತು. ಲೋಕಲ್ ರೈಲು ಇಳಿದು ಮನೆಗೆ ಓಡುವ ಹೆಂಗಸರು ದಾರಿಯಲ್ಲೇ ಡಬ್ಬಿಗೆ ಹಾಕಿಸಿಕೊಂಡು ಹೋಗುತ್ತಿದ್ದರು. ನಮ್ಮ ಬಿಲ್ಡಿಂಗಿನವರಿಗೆ ಮಾತ್ರ ಅವರೇ ಮೆಟ್ಟಿಲು ಹತ್ತಿ ತಂದುಕೊಡುತ್ತಿದ್ದರು. ನನಗಿಂತ ದೊಡ್ಡವರಾದರೂ ನನ್ನನ್ನು ಅಕ್ಕ ಎನ್ನುತ್ತಿದ್ದರು. ನಾನು ಅವರನ್ನು ಹಿಟ್ಟಿನಮ್ಮ ಎನ್ನುತ್ತಿದ್ದೆ. ಬೇರೆ ಹೆಸರು ಇದೆಯೋ ಇಲ್ಲವೋ ಎಂದು ಕೇಳುವ ಸೌಜನ್ಯವೂ ನನಗೆ ಇರಲಿಲ್ಲ.

ಐವತ್ತು ದಾಟುತ್ತಿದ್ದಂತೆ ನನ್ನ ಮೈಗೆ ಒಂದು ಹೊಸ ಕಾಟ ಶುರುವಾಯಿತು. ಕೂತಲ್ಲಿ ನಿಂತಲ್ಲಿ ಎದೆಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಮುಖಕ್ಕೆ ಉರಿ ಏರುತ್ತದೆ, ಸೀರೆ ಸೆರಗು ಒದ್ದೆಯಾಗುತ್ತದೆ. ಮುಟ್ಟು ನಿಲ್ಲುವ ಕಾಲದಲ್ಲಿ ಇದೆಲ್ಲ ಇದ್ದದ್ದೇ ಎಂದರು ಡಾಕ್ಟರು. ಬ್ಯಾಂಕಿನ ಕೆಲಸ ಬಿಟ್ಟು ಮನೆಯಲ್ಲಿದ್ದೆ. ಮಲಗುವ ಕೋಣೆಗೆ ಎಸಿ ಹಾಕಿಸಿಕೊಂಡೆ. ಕಿಟಕಿ ಮುಚ್ಚಿ, ದಪ್ಪ ಪರದೆ ಎಳೆದು, ಬೆಳಗ್ಗೆ ಅಡುಗೆ ಮುಗಿಸಿ ಒಳಗೆ ಸೇರಿಕೊಂಡರೆ ಸಂಜೆ ಕಾಫಿಗೇ ಹೊರಗೆ ಬರುತ್ತಿದ್ದದ್ದು. ಆ ಪರದೆಯನ್ನು ನಾನು ಮತ್ತೆ ಸರಿಸಿ ನೋಡಲೇ ಇಲ್ಲ. ಹೊರಗೆ ನೋಡುವುದಕ್ಕೆ ಏನಿದೆ, ಚಾಳಿನ ಹಿಂಭಾಗ ತಾನೇ ಅಂದುಕೊಂಡಿದ್ದೆ.

ಇದರ ಜೊತೆಗೆ ನಾನು ದೊಡ್ಡ ಪರಿಸರಪ್ರೇಮಿ ಬೇರೆ. ತರಕಾರಿಗೆ ಬಟ್ಟೆ ಚೀಲ ತೆಗೆದುಕೊಂಡು ಹೋಗುತ್ತೇನೆ, ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸುತ್ತೇನೆ, ಹಗಲು ಹೊತ್ತಿನಲ್ಲಿ ಮೆಟ್ಟಿಲಿನ ದೀಪ ಉರಿಯುತ್ತಿದ್ದರೆ ವಾಚ್‌ಮನ್‌ಗೆ ಪಾಠ ಮಾಡುತ್ತೇನೆ. ಭೂಮಿ ಬಿಸಿಯಾಗುತ್ತಿದೆ ಎಂಬ ಮೆಸೇಜುಗಳನ್ನು ಬಿಲ್ಡಿಂಗಿನ ವಾಟ್ಸಾಪ್ ಗ್ರೂಪಿಗೆ ಮೊದಲು ಹಾಕುತ್ತಿದ್ದವಳು ನಾನೇ. ಬಿಸಿ ಮಾಡುವವರು ಮಾತ್ರ ಯಾವಾಗಲೂ ಬೇರೆ ಯಾರೋ. ಯಾರದೋ ಕಾರ್ಖಾನೆ, ಯಾರದೋ ದೊಡ್ಡ ಕಾರು, ಯಾವುದೋ ದೂರದ ದೇಶ.

ಎಸಿ ಹಾಕಿಸಿಕೊಂಡ ಎರಡನೆಯ ವರ್ಷ, ಮಾರ್ಚ್ ಕಳೆಯುವ ಹೊತ್ತಿಗೆ ಹಿಟ್ಟು ಹುಳಿ ಬರತೊಡಗಿತು. ಒಂದು ದಿನ ಸಹಿಸಿಕೊಂಡೆ, ಎರಡು ದಿನ ಸಹಿಸಿಕೊಂಡೆ. ಮೂರನೆಯ ದಿನ ಬಾಗಿಲಲ್ಲೇ ನಿಲ್ಲಿಸಿದೆ.

"ಏನ್ರೀ ಇದು, ಹಿಟ್ಟೋ ಮೊಸರೋ? ನಿನ್ನೆ ಮೊನ್ನೇದು ಕಲಸಿ ತರ್ತಿದೀರಾ?"

ಅವರ ಮುಖ ಸಣ್ಣದಾಯಿತು. "ಇಲ್ಲ ಅಕ್ಕ, ಬೆಳಿಗ್ಗೆ ರುಬ್ಬಿದ್ದೇ. ಈ ಸರ್ತಿ ಸೆಕೆ ಜಾಸ್ತಿ ಅಲ್ವಾ, ಬೇಗ ಹುಳಿ ಬರ್ತದೆ."

"ಸೆಕೆ ಎಲ್ರಿಗೂ ಇದೆ. ಸಾಕು ಬಿಡಿ, ಇನ್ನು ಸ್ವಲ್ಪ ದಿನ ತರೋದು ಬೇಡ."

ಹೀಗೆನ್ನುವಾಗ ಕೋಣೆಯ ಬಾಗಿಲು ತೆರೆದಿತ್ತು, ಎಸಿಯ ತಂಪು ನನ್ನ ಬೆನ್ನಿಗೆ ಬೀಸುತ್ತಿತ್ತು. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಬಿಡಲಿಲ್ಲ. ಹಿಂದಿನ ಚಾಳಿನ ಹಿಟ್ಟು ಈಗ ಚೆನ್ನಾಗಿಲ್ಲ, ಹಳೆಯದು ಕಲಸುತ್ತಾರೋ ಏನೋ, ತೆಗೆದುಕೊಳ್ಳುವವರು ನೋಡಿ ತೆಗೆದುಕೊಳ್ಳಿ ಎಂದು ಗ್ರೂಪಿನಲ್ಲಿ ಬರೆದೆ. ಹೆಬ್ಬೆರಳುಗಳು ಸಾಲುಸಾಲಾಗಿ ಬಂದವು. ಊರಿಗೆ ಉಪಕಾರ ಮಾಡಿದ ಸಮಾಧಾನದಲ್ಲಿ ಮತ್ತೆ ಕೋಣೆ ಸೇರಿಕೊಂಡೆ.

ಅವರ ಒಂದು ಸ್ಟೀಲ್ ಪಾತ್ರೆ ನಮ್ಮಲ್ಲೇ ಉಳಿದಿತ್ತು. ಪರರ ಪಾತ್ರೆ ಮನೆಯಲ್ಲಿದ್ದರೆ ನನಗೆ ಆಗುವುದಿಲ್ಲ. ಒಂದು ಮಧ್ಯಾಹ್ನ ಅದನ್ನು ಕೊಟ್ಟುಬರೋಣವೆಂದು ಹೊರಟೆ. ಬೇಗ ಬರುತ್ತೇನಲ್ಲ, ಕೋಣೆ ತಂಪಾಗಿರಲಿ ಎಂದು ಎಸಿ ಆರಿಸಲಿಲ್ಲ.

ಅಷ್ಟು ವರ್ಷಗಳಲ್ಲಿ ಅವರ ಮನೆಗೆ ಹೋದದ್ದು ಅದೇ ಮೊದಲು. ಮರದ ಮೆಟ್ಟಿಲು, ಮೇಲಿನ ಅಂತಸ್ತಿನಲ್ಲಿ ಕೊನೆಯ ಖೋಲಿ, ತಗಡಿನ ಮಾಡು. ಅವರ ಗಂಡ ಬನಿಯನ್ನಿನಲ್ಲಿ ಮಂಚದ ಮೇಲೆ ಕೂತು ರಟ್ಟಿನ ತುಂಡಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಮಂಚದ ಹಿಂದೆ ಅಡುಗೆಯ ಜಾಗ. ಅಲ್ಲಿ ಕಾಲಿಟ್ಟರೆ ಒಲೆ ಉರಿಯದೆಯೂ ಒಲೆಯ ಮುಂದೆ ನಿಂತಂತೆ. ಹಿಟ್ಟಿನ ಪಾತ್ರೆಯನ್ನು ಒಂದು ಟಬ್ಬಿನ ನೀರಿನಲ್ಲಿಟ್ಟು ಸುತ್ತ ಐಸಿನ ತುಂಡು ಹಾಕಿದ್ದರು. ಐಸು ಆಗಲೇ ಕರಗಿ ಮುಗಿದಿತ್ತು. ಇದ್ದ ಒಂದೇ ಕಿಟಕಿಗೆ ಪ್ಲೈವುಡ್ ಹಲಗೆ ಆನಿಸಿ, ಸಂದಿಗೆಲ್ಲ ಹಳೆ ಬಟ್ಟೆ ತುರುಕಿದ್ದರು.

"ಕತ್ತಲೆ ಅಕ್ಕ, ನಿಲ್ಲಿ, ಬೆಳಕು ಮಾಡ್ತೇನೆ" ಎಂದು ಅವರು ಹಲಗೆ ಸರಿಸಿದರು.

ಬಿಸಿಗಾಳಿ ರಪ್ಪನೆ ಮುಖಕ್ಕೆ ಹೊಡೆಯಿತು. ಎದುರಿಗೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಒಂದು ಎಸಿಯ ಪೆಟ್ಟಿಗೆ. ಫ್ಯಾನು ಗಿರ್ರನೆ ತಿರುಗುತ್ತಿತ್ತು. ಅದರ ತಲೆಯ ಮೇಲೆ ಪಾರಿವಾಳ ಕೂರದಿರಲೆಂದು ಕಟ್ಟಿದ ನೀಲಿ ಬಲೆ. ಆ ಬಲೆ ನಾನೇ ಬಜಾರಿನಿಂದ ತಂದು ಕಟ್ಟಿಸಿದ್ದು.

"ಇದು ನಮ್ಮದು" ಎಂದೆ.

"ಹೌದಲ್ವಾ" ಎಂದರು ಅವರು, ಹಲಗೆಯನ್ನು ಕೈಯಲ್ಲಿ ಹಿಡಿದುಕೊಂಡೇ.

"ನಿಮಗೆ ಗೊತ್ತಿತ್ತಾ? ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳುದು ಹೇಗೆ ಅಕ್ಕ. ನಿಮಗೆ ಬೇಜಾರಾಗಿ ನೀವು ಹಿಟ್ಟು ಬಿಟ್ರೆ ಬಿಲ್ಡಿಂಗಲ್ಲಿ ಎಲ್ಲ ಬಿಡ್ತಾರೆ. ಮತ್ತೆ ನಮ್ಮ ಗತಿ ಎಂತ?"

ಯಾವುದಕ್ಕೆ ಹೆದರಿ ಆಕೆ ಎರಡು ಬೇಸಿಗೆ ಬಾಯಿ ಮುಚ್ಚಿಕೊಂಡಿದ್ದರೋ, ಅದನ್ನು ನಾನು ಆಗಲೇ ಮಾಡಿ ಮುಗಿಸಿದ್ದೆ. ಬಿಲ್ಡಿಂಗಿನಲ್ಲಿ ಈಗ ಯಾರೂ ಕರೆಯುವುದಿಲ್ಲ, ಏನಾಯಿತೋ ಗೊತ್ತಿಲ್ಲ ಎಂದು ಅವರೇ ಹೇಳಿದರು. ನಾನು ಬರೆದದ್ದು ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಪಾತ್ರೆ ಕೊಟ್ಟು ಮೆಟ್ಟಿಲಿಳಿದೆ. ನಾಚಿಕೆಯಿಂದ ಕಿವಿ ಸುಡುತ್ತಿತ್ತು.

ಸಂಜೆ ಯಜಮಾನರ ಮುಂದೆ ಹೇಳಿಕೊಂಡು ಅತ್ತೆ. ಅವರು ಎಲ್ಲ ಕೇಳಿ, "ಎಸಿ ತಂಪು ಹುಟ್ಟಿಸೋದಿಲ್ಲ ಕಣೇ" ಎಂದರು. "ನಮ್ಮ ಮನೆ ಬಿಸೀನ ಎತ್ತಿ ಆಚೆ ಹಾಕುತ್ತೆ, ತನ್ನದೂ ಒಂದಿಷ್ಟು ಸೇರಿಸಿ ಹಾಕುತ್ತೆ. ಅದು ಓಡೋ ಕರೆಂಟಿಗೆ ಇನ್ನೆಲ್ಲೋ ಕಲ್ಲಿದ್ದಲು ಸುಡಬೇಕು. ಆ ಹೊಗೆ ಮೇಲೆ ಹೋಗಿ ಮುಂದಿನ ವರ್ಷದ ಬೇಸಿಗೆ ಇನ್ನೂ ಜಾಸ್ತಿ ಮಾಡುತ್ತೆ. ಆಗ ಇನ್ನೊಬ್ಬರು ಎಸಿ ಹಾಕಿಸ್ತಾರೆ."

"ಇದನ್ನ ಮೊದಲೇ ಹೇಳೋದಕ್ಕೇನಾಗಿತ್ತು?"

"ನೀನು ಗ್ರೂಪಿಗೆ ಹಾಕ್ತಿದ್ದ ಮೆಸೇಜಲ್ಲೇ ಇತ್ತಲ್ಲ" ಎಂದರು. ಆ ದಿನ ಬಾಲ್ಕನಿಗೆ ಎದ್ದು ಹೋದದ್ದು ನಾನು.

ಎಸಿಯವನನ್ನು ಕರೆಸಿ, ಪೆಟ್ಟಿಗೆಯನ್ನು ಬೇರೆ ಕಡೆ ತಿರುಗಿಸಲು ಹೇಳಿದೆ. ರಸ್ತೆಯ ಕಡೆಗೆ ಹಾಕಲು ಸೊಸೈಟಿ ಒಪ್ಪುವುದಿಲ್ಲ, ಮಿಕ್ಕ ಕಡೆ ಎಲ್ಲಿಗೆ ತಿರುಗಿಸಿದರೂ ಯಾರದೋ ಕಿಟಕಿ ಇದೆ ಎಂದ. "ಆಪ್‌ಕಾ ಏಕ್ ನಿಕಾಲ್‌ಕೆ ಕ್ಯಾ ಹೋಗಾ ಮೇಡಂ? ಇಸ್ ಗಲಿ ಮೇ ಔರ್ ದಸ್ ಹೈ" ಎಂದು ತಲೆಯೆತ್ತಿ ತೋರಿಸಿದ. ನನ್ನದೊಂದನ್ನು ತೆಗೆದರೆ ಏನಾಗುತ್ತದೆ, ಈ ಓಣಿಯಲ್ಲಿ ಇನ್ನೂ ಹತ್ತು ಇವೆಯಂತೆ. ಹೌದು, ನಮ್ಮ ಬಿಲ್ಡಿಂಗಿನ ಬೆನ್ನ ತುಂಬ ಅವೇ ಪೆಟ್ಟಿಗೆಗಳು. ಸಮುದ್ರದ ಗಾಳಿ ಆಡುತ್ತಿದ್ದ ಓಣಿ ಅದು, ನಾನು ಹೊಸದಾಗಿ ಬಂದಾಗ.

ಆಗ ನನಗೆ ಒಂದು ಮಹಾ ಉಪಾಯ ಹೊಳೆಯಿತು. ಹಿಟ್ಟಿಗೆ ತಾನೇ ಸೆಕೆ? ಹಿಟ್ಟನ್ನೇ ನಮ್ಮ ಎಸಿ ಕೋಣೆಯಲ್ಲಿಟ್ಟರಾಯಿತು. ಹಿಟ್ಟಿನಮ್ಮ ಬೇಡವೆನ್ನಲಾರದೆ ಪಾತ್ರೆ ಹೊತ್ತು ತಂದರು. ನನ್ನ ಮಂಚದ ಪಕ್ಕದಲ್ಲಿ, ಮಣೆಯ ಮೇಲೆ ಕೂರಿಸಿದೆವು. ಸಂಜೆ ಮುಚ್ಚಳ ತೆಗೆದರೆ ಹಿಟ್ಟು ಹಾಕಿದ ಮಟ್ಟದಲ್ಲೇ ಇತ್ತು, ಗೋಡೆಗೆ ಬಳಿಯುವ ಸುಣ್ಣದ ಹಾಗೆ. ಒಂದು ಗುಳ್ಳೆಯೂ ಎದ್ದಿರಲಿಲ್ಲ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ಇದಕ್ಕೆ ಚಳಿ ಹಿಡಿದದ್ದು ಅಕ್ಕ." ಎಷ್ಟೋ ದಿನಗಳ ಮೇಲೆ ಇಬ್ಬರೂ ನಕ್ಕೆವು. ಇಡ್ಲಿಯ ಬಗ್ಗೆ ಅಷ್ಟು ಮಾತಾಡುವವಳಿಗೆ ಇಷ್ಟು ತಿಳಿಯಬಾರದೇ ಎಂದು ಅವರು ಕೇಳಲಿಲ್ಲ, ಯಜಮಾನರು ಕೇಳಿದರು.

ಉಳಿದದ್ದು ಒಂದೇ ದಾರಿ. "ಇನ್ನು ಹಗಲು ಹೊತ್ತು ಎಸಿ ಹಾಕೋದಿಲ್ಲ" ಎಂದು ಹಿಟ್ಟಿನಮ್ಮನಿಗೆ ಮಾತು ಕೊಟ್ಟೆ. "ಮೈಗೆ ಹುಷಾರಿಲ್ದೆ ಇದ್ರೆ ಮಾತ್ರ."

"ಅಯ್ಯೋ, ಹುಷಾರಿಲ್ಲದಿದ್ರೆ ಹಾಕ್ಲೇಬೇಕು ಅಕ್ಕ, ಅದರಲ್ಲಿ ಎಂತ ಉಂಟು" ಎಂದರು.

ಮರುದಿನವೇ ಆ ಕಿಟಕಿಯ ಹಲಗೆ ಹೋಯಿತು. ನಾನೂ ಪರದೆ ಸರಿಸಿದೆ. ಕಿಟಕಿಗೆ ಬಿದಿರಿನ ತಟ್ಟಿ ಇಳಿಬಿಟ್ಟು, ಕುತ್ತಿಗೆಗೆ ಒದ್ದೆ ಬಟ್ಟೆ ಸುತ್ತಿಕೊಂಡು, ಹಾಲಿನಲ್ಲಿ ಫ್ಯಾನಿನ ಕೆಳಗೆ ಕೂರುವುದನ್ನು ಕಲಿತೆ. ಉರಿ ಏರುತ್ತಿತ್ತು, ಇಳಿಯುತ್ತಿತ್ತು. ಸಾಯಲಿಲ್ಲ. ಹಿಟ್ಟು ಮತ್ತೆ ಮೊದಲಿನಂತಾಯಿತು. ಗ್ರೂಪಿನಲ್ಲಿ ನನ್ನ ತಪ್ಪು ಒಪ್ಪಿಕೊಂಡು ಬರೆದೆ. ಕೆಲವರು ಮತ್ತೆ ಹಿಟ್ಟು ತರಿಸತೊಡಗಿದರು, ಹೆಚ್ಚಿನವರು ಅಷ್ಟರಲ್ಲಿ ಅಂಗಡಿಯ ಪ್ಯಾಕೆಟ್ ಹಿಟ್ಟಿಗೆ ಒಗ್ಗಿಕೊಂಡಿದ್ದರು. ಸೊಸೈಟಿಯ ಮೀಟಿಂಗಿನಲ್ಲಿ ಜಗಳವಾಡಿ ಟೆರೇಸಿಗೆ ಬಿಳಿ ಬಣ್ಣ ಹೊಡೆಸಿದೆ. ಕೊನೆಯ ಮಹಡಿಯವರು ಈಗ ಪರವಾಗಿಲ್ಲ ಎನ್ನುತ್ತಾರೆ. ಹಿಂಬದಿಯ ಎಸಿಗಳನ್ನು ಹಗಲು ಒಂದಿಷ್ಟು ಹೊತ್ತು ಆರಿಸೋಣ ಎಂದಾಗ ಮಾತ್ರ ನಮ್ಮ ಮೇಲಿನ ಫ್ಲಾಟಿನಾಕೆ, "ಚಾಳಿನವರಿಗೋಸ್ಕರ ನಾವು ಬೇಯಬೇಕಾ?" ಎಂದರು. ಆ ವಾರವೇ ಅವರು ಎರಡನೆಯ ಎಸಿ ಹಾಕಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಎರಡು ತಿಂಗಳ ಹಿಂದೆಯಾಗಿದ್ದರೆ ನಾನೂ ಅದೇ ಮಾತನ್ನು ಆಡುತ್ತಿದ್ದೆ ಎಂಬುದು ಗೊತ್ತಿದ್ದದ್ದರಿಂದ ಉರಿ ಇನ್ನೂ ಹೆಚ್ಚಾಯಿತು.

ಆಮೇಲೆ ಮೇ ಬಂತು. ಮಳೆಗೆ ಇನ್ನೂ ದಿನಗಳಿದ್ದವು, ಗಾಳಿ ಒದ್ದೆ ಕಂಬಳಿಯಂತೆ ಮೈಗೆ ಅಂಟುತ್ತಿತ್ತು. ಒಂದು ದಿನ ಊಟ ಮುಗಿಸಿ ಕೂತವಳಿಗೆ ಮೇಲಿನ ಫ್ಲಾಟಿನ ಎರಡೂ ಯಂತ್ರಗಳು ಗುಂಯ್‌ಗುಡುವುದು ಕೇಳುತ್ತಿತ್ತು. ಅವರದು ಓಡುತ್ತಿದೆ, ಪಕ್ಕದವರದು ಓಡುತ್ತಿದೆ, ಇಡೀ ಊರೇ ತಂಪಾಗಿ ಮಲಗಿದೆ, ನಾನೊಬ್ಬಳು ಬೆಂದು ಏನು ಉದ್ಧಾರವಾಗುತ್ತದೆ ಎನಿಸಿತು. ಜ್ವರವಿಲ್ಲ, ತಲೆನೋವಿಲ್ಲ, ಆ ಹೊತ್ತಿಗೆ ನನ್ನ ಆ ಉರಿಯೂ ಇರಲಿಲ್ಲ. ಬರೀ ಸೆಕೆ, ಬರೀ ಆಸೆ. ಹತ್ತು ನಿಮಿಷ ಸಾಕು ಎಂದುಕೊಂಡು ಕೋಣೆಗೆ ಹೋಗಿ ರಿಮೋಟ್ ಒತ್ತಿ ಮಲಗಿದೆ.

ಸ್ವಲ್ಪ ಹೊತ್ತಿಗೆ ಎದುರಿನಿಂದ ಒಂದು ಸದ್ದು ಕೇಳಿಸಿತು. ಪ್ಲೈವುಡ್ ಹಲಗೆಯನ್ನು ಕಿಟಕಿಗೆ ಎಳೆದು ಕೂರಿಸುವ ಸದ್ದು. ರಿಮೋಟ್ ಕೈಯಲ್ಲೇ ಇತ್ತು. ಆರಿಸಲಿಲ್ಲ. ಮಗ್ಗುಲಾಗಿ ಕಣ್ಣು ಮುಚ್ಚಿಕೊಂಡೆ, ನಿದ್ದೆ ಹತ್ತಿತು.

ಎಚ್ಚರವಾದದ್ದು ಬೆಲ್ಲಿಗೆ. ಹಿಟ್ಟು ತರುವ ಹೊತ್ತಾಗಿತ್ತು. ಬಾಗಿಲು ತೆರೆದರೆ ಹಿಟ್ಟಿನಮ್ಮ ನಿಂತಿದ್ದರು, ಕೈಯಲ್ಲಿ ಅದೇ ಸ್ಟೀಲ್ ಪಾತ್ರೆ, ಮೇಲೆ ಒಂದು ತಟ್ಟೆ ಮುಚ್ಚಿತ್ತು. ಹಿಟ್ಟಿರಬೇಕೆಂದು ಕೈ ಚಾಚಿದೆ. ಪಾತ್ರೆ ಬಿಸಿಯಿತ್ತು.

"ಗಂಜಿ ಅಕ್ಕ. ನಿಮ್ಮ ಎಸಿ ಶಬ್ದ ಕೇಳಿತು. ಜ್ವರವೋ ಎಂತದೋ ಪಾಪ ಅಂತ ಹೇಳಿ ಮಾಡಿದ್ದು. ಒಬ್ಬರೇ ಇರ್ತೀರಲ್ಲ ಹಗಲು."

ನಿಜ ಹೇಳಲು ಬಾಯಿ ತೆರೆದೆ. "ಸ್ವಲ್ಪ ತಲೆನೋವು" ಎಂಬ ಮಾತು ಹೊರಗೆ ಬಂತು.

"ಕಣ್ಣು ನೋಡಿದ್ರೆ ಗೊತ್ತಾಗ್ತದೆ" ಎಂದರು. ನಿದ್ದೆಯಿಂದ ಎದ್ದ ಕಣ್ಣು ಅದು.

"ಹಿಟ್ಟು?" ಎಂದೆ.

"ಇವತ್ತಿದ್ದು ಯಾರಿಗೂ ಕೊಡ್ಲಿಲ್ಲ. ಹುಳಿ ಆಯ್ತು, ಚೆಲ್ಲಿದೆ. ಅದು ಬಿಡಿ, ನೀವು ಕೂತ್ಕೊಳ್ಳಿ, ಬಿಸಿ ಇರುವಾಗಲೇ ಕುಡಿಯಿರಿ."

ಕೂತೆ. ಗಂಜಿ, ಜೊತೆಗೆ ಮಿಡಿ ಉಪ್ಪಿನಕಾಯಿ. ನಾನು ಮುಗಿಸುವ ತನಕ ಅವರು ಎದುರು ನಿಂತೇ ಇದ್ದರು. ಕೋಣೆಯಲ್ಲಿ ಎಸಿ ಇನ್ನೂ ಓಡುತ್ತಿತ್ತು, ಇಬ್ಬರಿಗೂ ಕೇಳುತ್ತಿತ್ತು. ಖಾಲಿ ಪಾತ್ರೆ ಹಿಡಿದು ಎದ್ದೆ, ತೊಳೆದು ಕೊಡುತ್ತೇನೆ ಎಂದೆ.

"ಬೇಡ ಅಕ್ಕ, ಹುಷಾರಿಲ್ಲದವರು ನೀವು" ಎಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ನನ್ನ ಸಿಂಕಿನಲ್ಲಿ ಅವರೇ ತೊಳೆದರು.