ಲಿಂಗಪೂಜೆಯ ನಡುವೆ ಮಟನ್ ಮಸಾಲೆ

ಗುಬ್ಬಿಯ ಮಾಲಿನಿಗೆ ಸಿಟ್ಟೇ ಬರುವುದಿಲ್ಲ ಎನ್ನುವವರು ಆಕೆಯನ್ನು ಬೆಳಗಿನ ಹೊತ್ತು ನೋಡಿದವರಲ್ಲ. ತುಮಕೂರಿನ ವಕೀಲರೊಬ್ಬರ ಆಫೀಸಿನಲ್ಲಿ ಟೈಪಿಂಗ್ ಮಾಡುವ ಈ ಹೆಂಗಸು ಅಲ್ಲಿ ಕಕ್ಷಿದಾರರ ಕೂಗಾಟವನ್ನೆಲ್ಲ ನಗುನಗುತ್ತಲೇ ಸಹಿಸಿಕೊಳ್ಳುತ್ತಾಳೆ. ಮನೆಯಲ್ಲಿ ಮಾತ್ರ, ಅತ್ತೆಯ ಪೂಜೆ ಮುಗಿಯುವ ತನಕ ಆಕೆಯನ್ನು ಮಾತಾಡಿಸುವ ಧೈರ್ಯ ಗಂಡ ರೇಣುಕಾಪ್ರಸಾದನಿಗೂ ಇಲ್ಲ. ಹಾಗಂತ ಆಕೆಯ ಸಿಟ್ಟು ಅತ್ತೆಯ ಮೇಲಲ್ಲ, ಲ್ಯಾಪ್‌ಟಾಪಿನಲ್ಲಿ ಬರುವ ಜಾಹೀರಾತಿನ ಮೇಲೆ.

ಅತ್ತೆ ಶಿವರುದ್ರಮ್ಮ ಹುಲಿಯೂರುದುರ್ಗದ ಕಡೆಯವರು. ಲಿಂಗಪೂಜೆ ಮುಗಿಯದೆ ಒಂದು ತೊಟ್ಟು ನೀರನ್ನೂ ಬಾಯಿಗೆ ಬಿಟ್ಟವರಲ್ಲ. ಮಂತ್ರ, ವಚನ ಎಲ್ಲವನ್ನೂ ತಾವೇ ಹೇಳಿಕೊಳ್ಳುತ್ತಿದ್ದರು. ಹೋದ ವರ್ಷ ಸಣ್ಣಗೆ ಲಕ್ವ ಹೊಡೆಯಿತು. ಕೈಕಾಲು ಸರಿಹೋದವು, ಆದರೆ ಪೂಜೆಯ ಕ್ರಮ ಮಾತ್ರ ಹಿಂದುಮುಂದಾಗತೊಡಗಿತು. ವಿಭೂತಿ ಧರಿಸುವಾಗ ಹೇಳಬೇಕಾದದ್ದು ಪತ್ರೆ ಏರಿಸುವಾಗ ನೆನಪಾಗುತ್ತಿತ್ತು. ಆಗ ಮಾಲಿನಿ ಹುಡುಕಿ ಹುಡುಕಿ, ಭಕ್ತಿಗೀತೆಗಳ ಒಂದು ವೆಬ್‌ಸೈಟಿನಲ್ಲಿ, ಅತ್ತೆಗೆ ದೀಕ್ಷೆ ಕೊಟ್ಟಿದ್ದ ಅಯ್ಯನೋರ ದನಿಯಲ್ಲೇ ಇಡೀ ಪೂಜಾಕ್ರಮವಿದ್ದ ರೆಕಾರ್ಡಿಂಗ್ ಹಿಡಿದಳು. ಅಯ್ಯನೋರು ಲಿಂಗೈಕ್ಯರಾಗಿ ಎಷ್ಟೋ ಕಾಲವಾಗಿತ್ತು. ಆ ದನಿ ಕೇಳಿದ ದಿನ ಶಿವರುದ್ರಮ್ಮ ಸೊಸೆಯ ಕೈ ಹಿಡಿದುಕೊಂಡು ಅತ್ತುಬಿಟ್ಟರು.

ಅಲ್ಲಿಗೆ ಸುಖವಾಗಿರಬೇಕಿತ್ತು. ಆದರೆ ಅಯ್ಯನೋರು ಪಂಚಾಕ್ಷರಿ ಹೇಳುತ್ತಿರುವಾಗಲೇ ಒಬ್ಬ ಗಂಡಸು ನಡುವೆ ನುಗ್ಗಿ, ಹಬ್ಬದೂಟಕ್ಕೆ ತಮ್ಮ ಮಟನ್ ಮಸಾಲೆಯೇ ಆಗಬೇಕು ಎಂದು ಕಿರುಚಿದ. ಅವನ ಹಿಂದೆಯೇ ರಮ್ಮಿ ಆಡಿ ಎನ್ನುವ ಇನ್ನೊಬ್ಬ ಬಂದ. ಶಿವರುದ್ರಮ್ಮನವರ ಎಡಗೈ ಮೇಲೆ ಲಿಂಗವಿದೆ, ಬಲಗೈಯಲ್ಲಿ ಪತ್ರೆಯಿದೆ, ಮಣೆ ಬಿಟ್ಟು ಏಳುವ ಹಾಗಿಲ್ಲ, ಮಾತಾಡುವ ಹಾಗಿಲ್ಲ. ಮಾಲಿನಿ ಒಗ್ಗರಣೆ ಬಿಟ್ಟು ಓಡಿಬರುವಷ್ಟರಲ್ಲಿ ಅವರಿಬ್ಬರೂ ಹೇಳಬೇಕಾದದ್ದೆಲ್ಲ ಹೇಳಿ ಮುಗಿಸಿದ್ದರು. ಕರಸ್ಥಲದಲ್ಲಿ ಲಿಂಗವಿರುವಾಗ ಕಿವಿಗೆ ಮಾಂಸದ ಮಾತು ಬಿದ್ದರೆ ಪೂಜೆ ಕೆಟ್ಟಂತೆ ಎಂಬುದು ಶಿವರುದ್ರಮ್ಮನವರ ತವರಿನ ಕಟ್ಟುನಿಟ್ಟು. ಅವರು ಲಿಂಗವನ್ನು ಕಣ್ಣಿಗೊತ್ತಿಕೊಂಡು ಮೊದಲಿಂದ ಶುರುಮಾಡಿದರು. ಸಕ್ಕರೆ ಕಾಯಿಲೆಯ ಜೀವ, ಮಾತ್ರೆ ತಿಂಡಿಯ ಜೊತೆಗೆ ಹೊತ್ತಿಗೆ ಸರಿಯಾಗಿ ಹೋಗಬೇಕು. ಒಂದು ದಿನವಂತೂ ಪೂಜೆ ಪದೇ ಪದೇ ಕೆಟ್ಟು, ಮಧ್ಯಾಹ್ನದ ಹೊತ್ತಿಗೆ ಮಣೆಯ ಮೇಲೇ ಕಣ್ಣು ಕತ್ತಲೆ ಬಂದು ಗೋಡೆಗೆ ಒರಗಿದರು. ಹೀಗೇ ಉಪವಾಸ ಬಿದ್ದರೆ ಮುಂದಿನ ಸಲ ನಾನೂ ಏನೂ ಮಾಡಕ್ಕಾಗಲ್ಲ ಎಂದು ಡಾಕ್ಟರು ಮಾಲಿನಿಗೇ ಗದರಿದರು. ಬೈಸಿಕೊಳ್ಳಬೇಕಾದ ಮಸಾಲೆಯವನು ಎಲ್ಲಿದ್ದನೋ.

ರೇಣುಕಾಪ್ರಸಾದನ ಉಪಾಯ ಸುಲಭವಿತ್ತು. ಫೋನಿನಲ್ಲಿ ರೆಕಾರ್ಡ್ ಮಾಡ್ಕೊ ಎಂದ. ಮಸಾಲೆಯವನು ಬಾಯಿ ಹಾಕಿದಾಗಲೆಲ್ಲ ನಿಲ್ಲಿಸಿ ನಿಲ್ಲಿಸಿ ಮಾಡಿಯೂ ಆಯಿತು. ಪಕ್ಕದ ಮನೆಯ ಕುಕ್ಕರಿನ ಕೂಗೂ ಅದರಲ್ಲಿ ಸೇರಿಕೊಂಡಿತ್ತು. ಅಲ್ಲಿ ಏನು ಬೇಯುತ್ತಿತ್ತೋ ಯಾರಿಗೆ ಗೊತ್ತು ಎಂದು ಅತ್ತೆ ಅದನ್ನು ಒಲ್ಲೆ ಎಂದರು. ಒಂದು ಭಾನುವಾರ ಮಾಲಿನಿ ಕುಣಿಗಲ್ ಬಸ್ಸು ಹತ್ತಿ, ಅಲ್ಲಿಂದ ಮುಂದೆ ಅಯ್ಯನೋರ ಮಠಕ್ಕೇ ಹೋದಳು. ಮೂಲ ಕ್ಯಾಸೆಟ್ಟು ಯಾವ ಭಕ್ತರ ಮನೆಯಲ್ಲಿದೆಯೋ ತಿಳಿಯದು, ನಾವೂ ಆ ವೆಬ್‌ಸೈಟಿನಲ್ಲೇ ಕೇಳುವುದು ತಾಯಿ ಎಂದು ಈಗಿನ ಸ್ವಾಮಿಗಳು ಹೇಳಿದರು. ಮಟನ್ ಮಸಾಲೆಯ ಕಾಟ ಅವರಿಗೂ ಇತ್ತು. ಮಾಲಿನಿಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಆಫೀಸಿನಲ್ಲಿ ಜೊತೆಗಿರುವ ಸಂಧ್ಯಾಗೆ ಈ ಸಂಕಟ ಹೇಳಿಕೊಂಡಾಗ ಆಕೆ, ಬ್ರೌಸರಿಗೆ ಆ್ಯಡ್ ಬ್ಲಾಕರ್ ಹಾಕು, ಪುಕ್ಕಟೆ ಸಿಗುತ್ತೆ ಎಂದಳು. ಮಾಲಿನಿ ಮನೆಗೆ ಬಂದವಳೇ ಹುಡುಕಿ, ಎಲ್ಲಕ್ಕಿಂತ ಮೇಲೆ ಕಂಡದ್ದನ್ನು ಒತ್ತಿ ಹಾಕಿಕೊಂಡಳು. ಮೇಲೆ ಕಂಡದ್ದು ಜಾಹೀರಾತೇ ಆಗಿತ್ತು. ಜಾಹೀರಾತು ತಡೆಯುತ್ತೇನೆಂದು ಜಾಹೀರಾತು ಕೊಟ್ಟು ಒಳಗೆ ಬಂದ ಆ ಪುಣ್ಯಾತ್ಮ, ಮಾರನೆಯ ದಿನದಿಂದ ತಾನೇ ಪುಟ ಪುಟದ ಮೇಲೂ ಕುಣಿಯತೊಡಗಿದ. ಕರೆಂಟ್ ಬಿಲ್ ಕಟ್ಟುವ ಪುಟದಲ್ಲೂ ಒಳ ಉಡುಪು ಬಂತು. ಮಾಲಿನಿಯ ತಲೆ ಕೆಟ್ಟು ಕೆರ ಹಿಡಿದುಹೋಯಿತು.

ಲ್ಯಾಪ್‌ಟಾಪ್ ಹೊತ್ತುಕೊಂಡು ತುಮಕೂರಿಗೆ ಹೋದಳು. ಊಟದ ಬಿಡುವಿನಲ್ಲಿ ಸಂಧ್ಯಾ ಆ ದರಿದ್ರವನ್ನು ಕಿತ್ತು ಹಾಕಿ ಸರಿಯಾದದ್ದನ್ನು ಕೂರಿಸಿಕೊಟ್ಟಳು. ಕೆಲವು ದಿನ ಮನೆ ತಣ್ಣಗಿತ್ತು. ಆಮೇಲೆ ವೆಬ್‌ಸೈಟಿನವರಿಗೆ ವಾಸನೆ ಹತ್ತಿತು. ನೀವು ಜಾಹೀರಾತು ತಡೆಯುತ್ತಿದ್ದೀರಿ, ತೆಗೆದರೆ ಮಾತ್ರ ಹಾಡು ಎಂದು ಬೋರ್ಡು ಹಾಕಿ ಕೂತರು. ತೆಗೆದರೆ ಮಸಾಲೆ, ತೆಗೆಯದಿದ್ದರೆ ಮೌನ. ದುಡ್ಡು ಕೊಟ್ಟು ತಪ್ಪಿಸಿಕೊಳ್ಳೋಣವೆಂದರೆ ಆ ದಾರಿಯನ್ನೂ ಪುಣ್ಯವಂತರು ಇಟ್ಟಿರಲಿಲ್ಲ. ಬೇಡದ್ದನ್ನು ಆರಿಸಿ ಮರೆಮಾಡುವ ಸಲಕರಣೆಯೊಂದು ಬ್ಲಾಕರಿನೊಳಗೇ ಇತ್ತು. ಅದನ್ನು ಹಿಡಿದು ಮಾಲಿನಿ ಆ ಬೋರ್ಡನ್ನು ಮರೆಮಾಡಲು ಹೋಗಿ ಹಾಡು ಶುರುಮಾಡುವ ಗುಂಡಿಯನ್ನೇ ಮಾಯಮಾಡಿದಳು. ಅವತ್ತು ಬಸ್ಸು ತಪ್ಪಿತು, ವಕೀಲರ ಹತ್ತಿರ ಮಾತು ಕೇಳಿದ್ದಾಯಿತು. ಮನೆಯಲ್ಲಿ ದೇವರ ಹೆಸರು ಕೇಳಲು ಇಷ್ಟು ಯುದ್ಧವೇಕೆ ಎಂದು ಆಕೆಗೆ ಮೈ ಉರಿಯುತ್ತಿತ್ತು.

ಆದರೂ ಬಿಡಲಿಲ್ಲ. ಏನೇನು ತಡೆಯಬೇಕೆಂಬ ಬ್ಲಾಕರಿನ ಪಟ್ಟಿಯನ್ನು ಹೊಸದು ಮಾಡುವುದು, ಬೇರೆ ಬ್ರೌಸರಿನಲ್ಲಿ ನೋಡುವುದು, ಆ ಬೋರ್ಡು ಎಲ್ಲಿಂದ ಏಳುತ್ತದೆಂದು ಹುಡುಕಿ ಅಲ್ಲೇ ಅದರ ಕತ್ತು ಹಿಸುಕುವುದು, ಎಲ್ಲವನ್ನೂ ಸಂಧ್ಯಾಳನ್ನು ಕಾಡಿ ಕಾಡಿ ಕಲಿತಳು. ಕೊನೆಗೊಂದು ಸಂಜೆ ರೆಕಾರ್ಡಿಂಗನ್ನು ಮೊದಲಿಂದ ಕೊನೆಯವರೆಗೆ ಹಾಕಿಕೊಂಡು ಕೂತಳು. ಯಾರೂ ನುಗ್ಗಲಿಲ್ಲ. ಮತ್ತೊಮ್ಮೆ ಹಾಕಿದಳು. ಆಗಲೂ ಯಾರೂ ಬರಲಿಲ್ಲ. ಪೀಡೆ ತೊಲಗಿತು ಅತ್ತೆ, ನಾಳೆಯಿಂದ ಹೊತ್ತಿಗೆ ಸರಿಯಾಗಿ ತಿಂಡಿ ಎಂದು ಒಳಗೆ ಹೋಗಿ ಹೇಳಿದಳು.

ಬೆಳಗ್ಗೆ ಮಾಲಿನಿ ಒಲೆಯ ಮುಂದೆ ನಿಂತು ಕಿವಿಯನ್ನೆಲ್ಲ ದೇವರ ಕೋಣೆಯ ಕಡೆಗೇ ಇಟ್ಟಿದ್ದಳು. ವಿಭೂತಿಯ ಮಂತ್ರ ಹೋಯಿತು, ಪತ್ರೆ ಹೋಯಿತು, ಪಂಚಾಕ್ಷರಿ ಹೋಯಿತು. ಅಯ್ಯನೋರ ದನಿ ಎಲ್ಲೂ ತಡೆಯದೆ ಮಂಗಳಕ್ಕೆ ಬಂದು ನಿಂತಿತು. ಆಕೆ ತಟ್ಟೆಗೆ ಬಿಸಿ ಉಪ್ಪಿಟ್ಟು ಹಾಕಿ, ಪಕ್ಕದಲ್ಲಿ ಮಾತ್ರೆ ಇಟ್ಟು, ಕುಣಿಯುವುದೊಂದು ಬಾಕಿ ಎಂಬಂತೆ ಬಾಗಿಲಿಗೆ ಬಂದಳು.

ಶಿವರುದ್ರಮ್ಮ ಮಣೆ ಬಿಟ್ಟು ಎದ್ದಿರಲಿಲ್ಲ. ಅಂಗೈ ಮೇಲಿನ ಲಿಂಗವನ್ನು ನೋಡುತ್ತಾ ಕೂತಿದ್ದರು. ಹಣೆಯ ವಿಭೂತಿ ಬೆವರಿಗೆ ಒದ್ದೆಯಾಗಿತ್ತು. ಲಿಂಗವನ್ನು ಕಣ್ಣಿಗೊತ್ತಿಕೊಂಡು ಸೊಸೆಯ ಕಡೆ ತಿರುಗಿದರು.

"ಇನ್ನೊಂದ್ಸಲ ಹಾಕವ್ವ," ಎಂದರು.

"ಯಾಕತ್ತೆ? ಯಾರೂ ಬರಲಿಲ್ವಲ್ಲ. ನಾನೇ ಕೇಳಿಸ್ಕೊಂಡೆ."

"ಬರಲಿಲ್ಲ ಕಣವ್ವ. ಆದ್ರೆ ಈಗ ಬತ್ತಾನೆ, ಈಗ ಬತ್ತಾನೆ ಅಂತ ಕಡೇವರ್ಗೂ ಅವನ್ನೇ ಕಾಯ್ತಾ ಕೂತಿದ್ದೆ. ಶಿವನ್ನ ಒಂದ್ಸಲಾನೂ ನೆನೀಲಿಲ್ಲ."

ಮಾಲಿನಿ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟು, ಸೆರಗಿನಿಂದ ಅತ್ತೆಯ ಕತ್ತಿನ ಬೆವರು ಒರೆಸಿ, ರೆಕಾರ್ಡಿಂಗನ್ನು ಮತ್ತೆ ಮೊದಲಿಗೆ ತಂದು ಹಾಕಿದಳು.