ಬಲಗಡೆಯ ಕೆರೆ

ನಮ್ಮ ಆಫೀಸಿನ ಸಾಹೇಬರು ಹೊಡೆದ ಗಾಲ್ಫ್ ಚೆಂಡು ಯಾವಾಗಲೂ ಬಲಕ್ಕೇ ವಾಲುತ್ತಿತ್ತು. ಹಾಗಾಗಿ ಎಂಬತ್ತರ ದಶಕದ ಆ ದಿನಗಳಲ್ಲಿ, ಶನಿವಾರ ಮುಂಬಯಿ ಬಿಟ್ಟು ಎಲ್ಲಿಗೆ ಆಡಲು ಹೋಗಬೇಕೆಂದು ಆರಿಸುವಾಗ ನಾವು ಮೂವರು ಗೆಳೆಯರು ನೋಡುತ್ತಿದ್ದುದು ಒಂದೇ ಸಂಗತಿ: ಗಾಲ್ಫ್ ಕೋರ್ಸಿನ ಬಲಗಡೆ ನೀರಿರಬಾರದು. ಪುಣೆಯ ಆಚೆ ಒಂದು ಚೆಂದದ ಕೋರ್ಸಿತ್ತು, ಆದರೆ ಅದರ ಬಲಕ್ಕೆ ಉದ್ದಕ್ಕೂ ಕೆರೆ. ಅದರ ಹೆಸರನ್ನೇ ನಾವು ಎತ್ತುತ್ತಿರಲಿಲ್ಲ. ಬೇರೆ ಕಡೆ ಅವರ ಚೆಂಡು ಪೊದೆಗೆ ಬಿದ್ದರೆ ಚೀಲ ಹೊರುವ ಕ್ಯಾಡಿಗಳಿಗಿಂತ ಮೊದಲು ನಾವೇ ನುಗ್ಗಿ, ಮುಳ್ಳು ಚುಚ್ಚಿಸಿಕೊಂಡು ಹುಡುಕುತ್ತಿದ್ದೆವು. ಅವರು ದೂರ ನಿಂತು ಸಿಗರೇಟು ಸೇದುತ್ತಾ, "ಹುಡುಕ್ರಯ್ಯ, ಅಲ್ಲೇ ಎಲ್ಲೋ ಇರತ್ತೆ" ಎನ್ನುತ್ತಿದ್ದರು.

ಅವರು ನಿವೃತ್ತರಾದ ವಾರವೇ ದಾದರಿನ ಉಡುಪಿ ಹೋಟೆಲಿನಲ್ಲಿ ಕಾಫಿಗೆ ಸೇರಿದೆವು. ಸಾಹೇಬರೂ ಬಂದಿದ್ದರು.

"ಈ ಸಲ ಕೆರಿ ಇರೋ ಕೋರ್ಸಿಗೇ ಹೋಗೂಣು" ಎಂದ ಧಾರವಾಡದ ಗೆಳೆಯ. ಉಳಿದಿಬ್ಬರೂ ಲೋಟ ಕೆಳಗಿಡುವ ಮೊದಲೇ ಹೂಂ ಎಂದೆವು.

ಸಾಹೇಬರು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ, "ನಿಮಗೆ ಹೇಗೆ ಅನುಕೂಲವೋ ಹಾಗೆ ಮಾಡಿ" ಎಂದರು. ಇಷ್ಟು ಮೆತ್ತಗೆ ಮಾತಾಡಲು ಬರುತ್ತದೆಂದು ಅಷ್ಟು ವರ್ಷ ತೋರಿಸಿಯೇ ಇರಲಿಲ್ಲ, ಮಹಾನುಭಾವ!

ಶನಿವಾರ ಮಧ್ಯಾಹ್ನದೊಳಗೆ ಅವರ ಚೆಂಡುಗಳೆಲ್ಲ ಕೆರೆಯ ಪಾಲಾದವು. ದಡದ ಕೆಸರಿನಲ್ಲಿ ಬಗ್ಗಿ ಕೈಯಾಡಿಸುತ್ತಿದ್ದವರು ಸೊಂಟ ಹಿಡಿದುಕೊಂಡು ಎದ್ದು ನನ್ನ ಹತ್ತಿರ ಬಂದರು.

"ಒಂದು ಚೆಂಡು ಇದ್ರೆ ಕೊಡಪ್ಪ."

ನನ್ನ ಚೀಲದಲ್ಲಿ ಹೊಸ ಚೆಂಡುಗಳ ಡಬ್ಬಿಯೇ ಇತ್ತು.

"ಹುಡುಕಿ ಸರ್, ಅಲ್ಲೇ ಎಲ್ಲೋ ಇರತ್ತೆ" ಎಂದು ಹೇಳಿ ನಾನು ಸಿಗರೇಟು ಹಚ್ಚಿದೆ.