ಮಾದೇವಮ್ಮತ್ತೆಯ ಹೆಬ್ಬೆಟ್ಟು

ಮಾದೇವಮ್ಮತ್ತೆಯ ಹೆಬ್ಬೆಟ್ಟಿನಲ್ಲಿ ಗೆರೆಗಳೇ ಇರಲಿಲ್ಲ. ಮೂವತ್ತು ವರ್ಷ ಬಿಸಿನೀರಿಗೆ ಕೈಯಿಟ್ಟು ರೇಷ್ಮೆಗೂಡಿನ ಎಳೆ ತೆಗೆದವಳು. ಬೆರಳ ತುದಿಗಳು ಬೆಂದು, ಸುಲಿದು, ಸಿಪ್ಪೆ ತೆಗೆದ ಆಲೂಗಡ್ಡೆಯ ಹಾಗೆ ನುಣ್ಣಗಾಗಿದ್ದವು. ಕೊಳ್ಳೇಗಾಲದಲ್ಲಿ ಅಂಥ ಕೈಗಳು ಬೇಕಾದಷ್ಟಿವೆ, ಯಾರೂ ತಿರುಗಿ ನೋಡುವುದಿಲ್ಲ.

ನಮ್ಮಪ್ಪನ ತಂಗಿ. ಬಾಯಿ ಬಹಳ ಜೋರು. ಊಟಕ್ಕೆ ಕರೆಯುವುದೂ ಬೈದೇ: "ಬಂದು ತಿನ್ಲಾ ಮುಂಡೇದೆ, ಮುದ್ದೆ ಆರೋಯ್ತದೆ." ಗಂಡ ಸತ್ತ ಮೇಲೆ ಬೇರೆಯವರ ಶೆಡ್ಡಿನ ರೇಷ್ಮೆ ಚರಕದಲ್ಲಿ ಕೂಲಿಗೆ ಗೂಡಿನ ನೂಲು ಬಿಚ್ಚಿದಳು. ಸಾಯುವುದರೊಳಗೆ ಒಂದು ಚರಕ ತನ್ನದೇ ಆಗಬೇಕೆಂದು ಹಟ ಹಿಡಿದಿದ್ದಳು. ಅದಕ್ಕೆಂದು ಕೂಡಿಟ್ಟದ್ದೆಲ್ಲ ಪೇಟೆಯ ಸಣ್ಣ ಸೊಸೈಟಿಯೊಂದರಲ್ಲಿತ್ತು. ಅಲ್ಲಿನ ಗುಮಾಸ್ತ ಸಿದ್ದರಾಜು ಅವಳನ್ನು ಕಂಡೊಡನೆ ತಾನೇ ಚೀಟಿ ತುಂಬಿ, ಇಂಕಿನ ಹೆಬ್ಬೆಟ್ಟು ಒತ್ತಿಸಿಕೊಂಡು, ಪಕ್ಕದಲ್ಲಿ ಸಾಕ್ಷಿಗೆ ತನ್ನ ರುಜು ಹಾಕುತ್ತಿದ್ದ.

"ಅವ್ನು ನನ್ ಮೊಕ ನೋಡಿ ಕೊಡ್ತಾನೆ ಕಣ್ಲಾ," ಎನ್ನುತ್ತಿದ್ದಳು.

ಅದನ್ನು ಕೆಡಿಸಿದವನು ನಾನು. ಬಸ್ ಸ್ಟ್ಯಾಂಡಿನ ಹತ್ತಿರ ಹೊಸ ಬ್ಯಾಂಕು ಬಂತು. ಖಾತೆ ತೆರೆದರೆ ಕುಕ್ಕರ್, ಇಟ್ಟ ದುಡ್ಡಿಗೆಲ್ಲ ಪಾಯಿಂಟು, ಇನ್ನೊಬ್ಬರನ್ನು ಕರೆತಂದವರಿಗೆ ಟ್ರಾಲಿ ಬ್ಯಾಗು. ಆ ಬ್ಯಾಗಿನ ಮೇಲೆ ನನ್ನ ಕಣ್ಣು ಬಿತ್ತು.

"ಹಸ ತಕಳವ್ರು ಕೊಂಬಿನ್ ಬಣ್ಣ ನೋಡದಿಲ್ಲ ಕಣ್ಲಾ, ಒದ್ದತಾ ಅಂತ ನೋಡ್ತರೆ," ಎಂದಳು ಅತ್ತೆ.

"ನಿನ್ನ ಸೊಸೈಟಿ ಇಷ್ಟು ವರ್ಷಕ್ಕೆ ಏನು ಕೊಡ್ತು ಅತ್ತೆ, ಒಂದು ಕ್ಯಾಲೆಂಡರ್ರಾ?" ಎಂದು ಗೇಲಿ ಮಾಡಿದೆ. ಅಣ್ಣನ ಮಗ, ನಾಲ್ಕಕ್ಷರ ಕಲಿತವನು ಎಂದು ನಂಬಿ ದುಡ್ಡನ್ನೆಲ್ಲ ಅಲ್ಲಿಗೆ ಹಾಕಿದಳು. ಖಾತೆ ತೆರೆಯುವಾಗ ಇಂಕಿನ ಹೆಬ್ಬೆಟ್ಟು ಚೆನ್ನಾಗಿಯೇ ನಡೆಯಿತು. ಬ್ಯಾಂಕಿನವರೇ ಮನೆಗೆ ಬಂದು ಒತ್ತಿಸಿಕೊಂಡು ಹೋದರು. ಮಾರನೆಯ ದಿನವೇ ನನಗೆ ಬ್ಯಾಗು ಸಿಕ್ಕಿತು.

ಕೆಲವು ತಿಂಗಳಿಗೆ ಯಳಂದೂರಿನಲ್ಲಿ ಹಳೆಯ ಚರಕವೊಂದು ಮಾರಾಟಕ್ಕೆ ಬಂತು. ಶುಕ್ರವಾರದೊಳಗೆ ದುಡ್ಡು ತಂದರೆ ನಿಮಗೇ ಎಂದರು ಮಾಲೀಕರು. ಸೋಮವಾರ ಅತ್ತೆ ಬ್ಯಾಂಕಿಗೆ ಹೋದಳು. ಬೆರಳೊತ್ತುವ ಮಿಷನ್ನು ಅವಳನ್ನು ಗುರುತಿಸಲಿಲ್ಲ. ನಾಳೆ ಬನ್ನಿ ಎಂದರು. ಮಂಗಳವಾರ, ಕೈ ಚೆನ್ನಾಗಿ ತೊಳೆದುಕೊಂಡು ಬನ್ನಿ ಎಂದರು. ಮೂವತ್ತು ವರ್ಷ ನೀರಿನಲ್ಲೇ ಬೆಂದ ಕೈಗೆ ಹೇಳುವ ಮಾತೇ ಅದು! ಗುರುವಾರ ನಾನೂ ಜೊತೆಗೆ ಹೋದೆ. ಮ್ಯಾನೇಜರು ಗಾಜಿನ ಕೋಣೆಯಿಂದ ಹೊರಗೇ ಬರಲಿಲ್ಲ. ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿ ನಗುತ್ತಾ, "ಅಜ್ಜಿ, ನಿಮ್ಮ ಪಾಯಿಂಟಿಗೆ ಇನ್ನೊಂದು ಗಿಫ್ಟ್ ಬಂದಿದೆ, ತಗೊಳ್ತೀರಾ?" ಎಂದಳು.

"ನಿನ್ ಗಿಫ್ಟ ನಿನ್ ಮದ್ವೆಗೆ ಮಡಿಕ ಕಣವ್ವ! ನನ್ ದುಡ್ಡ ನಂಗ್ ಕೊಡು!"

ಅತ್ತೆಯ ಕೂಗಿಗೆ ಬೀದಿಯವರೆಲ್ಲ ಬಾಗಿಲಿಗೆ ಬಂದರು. ಸೆಕ್ಯೂರಿಟಿಯವನು ಅವಳ ತೋಳು ಹಿಡಿದು ಹೊರಗೆ ನಡೆಸಿದ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಇಂಕಿನ ಹೆಬ್ಬೆಟ್ಟು ಒತ್ತಿಸಿ, ಸಾಕ್ಷಿ ಹಾಕಿಸಿ ಕೊಡಬಹುದಿತ್ತಲ್ಲ ಎಂದು ಆಮೇಲೆ ಸಿದ್ದರಾಜು ಹೇಳಿದ. ಕುರ್ಚಿಯಿಂದ ಒಮ್ಮೆ ಏಳುವಷ್ಟು ಕೆಲಸ. ಅಷ್ಟು ಮಾಡಲು ಆ ಮ್ಯಾನೇಜರಿಗೆ ಏನು ದಾಡಿ ಬಂದಿತ್ತು? ಅವನನ್ನು ಬೈದು ಮುಗಿದ ಮೇಲೆ ನನ್ನನ್ನೇ ಬೈದುಕೊಳ್ಳುತ್ತೇನೆ. ಒಂದು ಬ್ಯಾಗಿಗೆ ಮಾರಿದೆನಲ್ಲ ಅವಳನ್ನು.

ಮತ್ತೆ ಮತ್ತೆ ಅಲೆದು ದುಡ್ಡು ಕೈಗೆ ಬರುವಷ್ಟರಲ್ಲಿ ಇಪ್ಪತ್ತು ದಿನ ಕಳೆದಿತ್ತು. ಚರಕ ನಮ್ಮೂರಿನ ಇನ್ನೊಬ್ಬರ ಪಾಲಾಗಿತ್ತು. ಹೊಸದಕ್ಕೆ ಅವಳ ಉಳಿತಾಯ ಸಾಲುತ್ತಿರಲಿಲ್ಲ.

ಅತ್ತೆ ಹೋದ ವರ್ಷ ತೀರಿಕೊಂಡಳು. ನಾನು ಕೊನೆಯ ಸಲ ಕಂಡದ್ದು ಆ ಚರಕ ಕೊಂಡವರ ಶೆಡ್ಡಿನಲ್ಲೇ. ಯಳಂದೂರಿನಿಂದ ಬಂದ ಅದೇ ಚರಕದ ಮುಂದೆ ಕೂತು ಕೂಲಿಗೆ ನೂಲು ಬಿಚ್ಚುತ್ತಿದ್ದಳು. ತಪ್ಪಾಯ್ತು ಅತ್ತೆ ಎನ್ನಲು ಹತ್ತಿರ ಹೋದೆ. ಅವಳು ತಲೆ ಎತ್ತಲಿಲ್ಲ.

"ಅತ್ಲಾಗ್ ನಿಂತ್ಕಳ್ಲಾ. ಎಳೆ ಕಿತ್ತೋದ್ರೆ ಧಣಿ ಕೂಲಿ ಇಡ್ಕತಾನೆ."